ಎಫ್.ಎ. ಫೇಲಾದ ಗಣಿತಜ್ಞ ಶ್ರೀನಿವಾಸ ರಾಮಾನುಜನ್

ಗಣಿತದ ಪೀರಿಯಡ್ ಅಂದರೆ ನಮ್ಮ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಹೊಟ್ಟೆನೋವು ಬರುತ್ತದೆ. ಆದರೆ ಊಟ ನಿದ್ದೆ ಬಿಟ್ಟು ಗಣಿತ ಮಾಡುತ್ತಿದ್ದವರು ಒಬ್ಬರಿದ್ದರು. ಅವರೇ ಶ್ರೀನಿವಾಸ ರಾಮಾನುಜನ್. ಅವರ ಹುಟ್ಟುಹಬ್ಬವನ್ನು ನಾವು ಗಣಿತ ದಿನ ಎಂದು ಆಚರಿಸುತ್ತೇವೆ. ಇಂಥವರು ಕಾಲೇಜಿನಲ್ಲಿ ಫೇಲಾಗಿದ್ದರು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ರಾಮಾನುಜನ್ ಅವರು 1887ನೇ ಇಸವಿ ಡಿಸೆಂಬರ್ 22ರಂದು ಈರೋಡಿನಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ಬೆಳೆದದ್ದು ಕುಂಭಕೋಣದಲ್ಲಿ. ಈ ಎರಡೂ ಊರುಗಳು ಈಗಿನ ತಮಿಳುನಾಡಿನಲ್ಲಿವೆ. ತಂದೆ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಹಾಡುತ್ತಿದ್ದರು. ಮನೆಯಲ್ಲಿ ಬಡತನ. ಆದರೂ ಹುಡುಗ ಓದಿನಲ್ಲಿ ಬಹಳ ಚುರುಕು. 1897ರಲ್ಲಿ ಪ್ರಾಥಮಿಕ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲು ಬಂದರು.

1903ರಲ್ಲಿ ಅವರ ಕೈಗೆ ಒಂದು ದಪ್ಪ ಗಣಿತದ ಪುಸ್ತಕ ಸಿಕ್ಕಿತು. ಅದರಲ್ಲಿ ಸಾವಿರಾರು ಸೂತ್ರಗಳಿದ್ದವು. ಅವು ಹೇಗೆ ಬಂದವು ಎಂದು ಪುಸ್ತಕದಲ್ಲಿ ಹೆಚ್ಚು ವಿವರ ಇರಲಿಲ್ಲ. ಇವರೇ ಒಂದೊಂದನ್ನೂ ಸಾಧಿಸುತ್ತಾ ಕೂತರು. ಅಲ್ಲಿಂದ ಗಣಿತದ ಹುಚ್ಚು ಹಿಡಿಯಿತು.

1904ರಲ್ಲಿ ಸ್ಕಾಲರ್‌ಶಿಪ್ ಪಡೆದು ಕುಂಭಕೋಣದ ಸರ್ಕಾರಿ ಕಾಲೇಜಿಗೆ ಸೇರಿದರು. ಆದರೆ ಬೇರೆ ಪಾಠದ ಸಮಯದಲ್ಲೂ ಗಣಿತವನ್ನೇ ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಫೇಲಾದರು. ಸ್ಕಾಲರ್‌ಶಿಪ್ ಹೋಯಿತು. ತಾಯಿ ಕಾಲೇಜಿಗೇ ಹೋಗಿ ಪ್ರಿನ್ಸಿಪಾಲರನ್ನು ಕೇಳಿದರು. ನಿಯಮ ನಿಯಮವೇ ಎಂದಾಯಿತು. ಒಂದು ಟರ್ಮಿಗೆ 32 ರೂಪಾಯಿ ಫೀಸು. ತಂದೆಯ ಒಂದು ತಿಂಗಳ ಸಂಬಳಕ್ಕಿಂತ ಅದು ಹೆಚ್ಚು.

1905ರ ಆಗಸ್ಟ್‌ನಲ್ಲಿ ರಾಮಾನುಜನ್ ಯಾರಿಗೂ ಹೇಳದೆ ರೈಲು ಹತ್ತಿ ವಿಶಾಖಪಟ್ಟಣದ ಕಡೆಗೆ ಹೋಗಿಬಿಟ್ಟರು. ಆಗ ಅವರಿಗೆ 17 ವರ್ಷ. ಅಪ್ಪ ಅಮ್ಮ ಗಾಬರಿಯಿಂದ ಹುಡುಕಿದರು. ಪೇಪರಿನಲ್ಲೂ ಹಾಕಿಸಿದರು. ಆಮೇಲೆ ಮನೆಗೆ ವಾಪಸ್ ಬಂದರು.

1906ರಲ್ಲಿ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದರು. ಅಲ್ಲಿ ಶರೀರಶಾಸ್ತ್ರ ಅವರಿಗೆ ತಲೆಗೇ ಹತ್ತಲಿಲ್ಲ. ಆ ವರ್ಷ ಎಫ್.ಎ. ಪರೀಕ್ಷೆ ಫೇಲು. 1907ರಲ್ಲಿ ಮತ್ತೆ ಬರೆದರು, ಮತ್ತೆ ಫೇಲು. ಎಫ್.ಎ. ಅಂದರೆ ನಮ್ಮ ಪಿಯುಸಿ ಇದ್ದ ಹಾಗೆ. ಅದು ಪಾಸಾಗದಿದ್ದರೆ ಬಿ.ಎ.ಗೆ ಸೇರಿಸುತ್ತಿರಲಿಲ್ಲ.

ಆಮೇಲಿನ ವರ್ಷಗಳು ಬಹಳ ಕಷ್ಟದವು. ಟ್ಯೂಷನ್ ಹೇಳುತ್ತಿದ್ದರು. ಸ್ನೇಹಿತರ ಮನೆಯಲ್ಲಿ ಇರುತ್ತಿದ್ದರು. ಕಾಗದ ದುಬಾರಿ ಎಂದು ಸ್ಲೇಟಿನ ಮೇಲೆ ಲೆಕ್ಕ ಮಾಡಿ ಮೊಣಕೈಯಿಂದ ಒರೆಸುತ್ತಿದ್ದರು. 1909ರಲ್ಲಿ ಜಾನಕಿಯವರ ಜೊತೆ ಮದುವೆಯಾಯಿತು. 1912ರಲ್ಲಿ ಮದ್ರಾಸ್ ಬಂದರಿನ ಆಫೀಸಿನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತರಾದರು.

1913ರ ಜನವರಿಯಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದ್ದ ಪ್ರೊಫೆಸರ್ ಹಾರ್ಡಿಯವರಿಗೆ ತಮ್ಮ ಸೂತ್ರಗಳನ್ನು ಬರೆದು ಕಳಿಸಿದರು. ಹಾರ್ಡಿ ಬೆರಗಾದರು. ಆಗ ಮದ್ರಾಸ್ ವಿಶ್ವವಿದ್ಯಾಲಯವು ತನ್ನ ನಿಯಮ ಸಡಿಲಿಸಿ, ಡಿಗ್ರಿಯೇ ಇಲ್ಲದ ಇವರಿಗೆ ತಿಂಗಳಿಗೆ 75 ರೂಪಾಯಿ ವೇತನ ಕೊಟ್ಟಿತು. 1914ರಲ್ಲಿ ಹಡಗು ಹತ್ತಿ ಹೋದರು. 1916ರಲ್ಲಿ ಕೇಂಬ್ರಿಡ್ಜ್ ಅವರಿಗೆ ಡಿಗ್ರಿ ಕೊಟ್ಟಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಆದರೆ ಅಲ್ಲಿ ಕಾಯಿಲೆ ಬಿದ್ದು, ಊರಿಗೆ ಮರಳಿ, 1920ರ ಏಪ್ರಿಲ್ 26ರಂದು ಕೇವಲ 32ನೇ ವಯಸ್ಸಿಗೆ ತೀರಿಕೊಂಡರು.

ಪ್ರಿಯ ಮಿತ್ರರೇ, ಹೋದ ವರ್ಷ ನಮ್ಮ ಅಕ್ಕನಿಗೆ ಸಿಇಟಿಯಲ್ಲಿ ರ‍್ಯಾಂಕ್ ಹಿಂದೆ ಬಂತು. ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಪ್ಪ ಮಾತಾಡಲಿಲ್ಲ. ನಾನು ಈ ಕಥೆಯನ್ನು ಹೇಳಿದೆ. ಅದಕ್ಕೆ ಅಕ್ಕ, ನಾನೇನು ರಾಮಾನುಜನ್ನಾ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಈಗ ಅನ್ನಿಸುತ್ತದೆ, ರಾಮಾನುಜನ್ ಓಡಿಹೋದಾಗ ಅವರು ದೊಡ್ಡವರಾಗುತ್ತಾರೆ ಅಂತ ಅಪ್ಪ ಅಮ್ಮನಿಗೆ ಗೊತ್ತಿರಲಿಲ್ಲ. ಮಗ ಅಂತ ಹುಡುಕಿದರು, ಅಷ್ಟೆ. ಚೆನ್ನಾಗಿ ಓದೋಣ. ಆದರೆ ಫೇಲಾದವರನ್ನು ನೋಡಿ ನಗುವುದು ಬೇಡ, ಅವರ ಜೊತೆ ಕೂತು ಊಟ ಮಾಡೋಣ.

– 7ನೇ ತರಗತಿ