ಚಂದ್ರನ ಮೇಲೆ ಸಾರಾಭಾಯಿ ಹೆಸರಿನ ಕುಳಿ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಕನ್ನಡ ಸಂಘದ ಕೆಲವರು ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ ಹೋಗಿದ್ವಿ. ರೇಣುಕಾಂಬೆಯ ಗುಹಾಲಯ ನೋಡಿ ಕೆಳಗೆ ಇಳಿಯೋ ಹೊತ್ತಿಗೆ ಸಂಜೆಯಾಗಿತ್ತು. ಚಂದ್ರನನ್ನೇ ಮರೆಮಾಡುವಷ್ಟು ಎತ್ತರದ ಗುಡ್ಡ ಅಂತ ಈ ಊರಿನ ಹೆಸರಿಗೆ ಅರ್ಥ ಹೇಳೋದುಂಟು. ಅವತ್ತು ಮರೆಯೇನೂ ಇರಲಿಲ್ಲ. ಶುಕ್ಲಪಕ್ಷದ ಅಷ್ಟಮಿ, ಅರ್ಧಚಂದ್ರ ನೆತ್ತಿಯ ಹತ್ತಿರವೇ ಇದ್ದ. ಬೈನಾಕ್ಯುಲರ್ ಹಿಡಿದು ನೋಡಿದ್ರೆ, ಬೆಳಕು–ಕತ್ತಲೆಯ ಗೆರೆಗೆ ಸಮೀಪದಲ್ಲೇ ದುಂಡಗಿನ ಕಪ್ಪು ಬಯಲೊಂದು ಕಾಣ್ತಿತ್ತು. ಅದರ ಹೆಸರು ಮೇರ್ ಸೆರೆನಿಟಾಟಿಸ್. ಆ ಬಯಲಲ್ಲಿ ಸುಮಾರು 7.6 ಕಿ.ಮೀ. ಅಗಲದ ಒಂದು ಕುಳಿ ಇದೆ. ನಮ್ಮ ಬೈನಾಕ್ಯುಲರ್‌ಗೆ ಅದು ಸಿಗಲ್ಲ. ಅದಕ್ಕಿಟ್ಟಿರೋ ಹೆಸರು ಮಾತ್ರ ನಮಗೆಲ್ಲ ಗೊತ್ತು: ಸಾರಾಭಾಯಿ.

ತಮಾಷೆ ಏನಂದ್ರೆ, ಚಂದ್ರನಿಗೆ ಹೋಗೋ ಪೈಪೋಟಿ ನಮ್ಮ ದೇಶಕ್ಕೆ ಬೇಡ ಅಂತ ಸ್ಪಷ್ಟವಾಗಿ ಹೇಳಿದವರೇ ಈ ವಿಕ್ರಮ್ ಸಾರಾಭಾಯಿ.

ಅವರು ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ಮನೆತನದ್ದು ದೊಡ್ಡ ಬಟ್ಟೆ ಗಿರಣಿ. ಮಿಲ್ ನೋಡಿಕೊಂಡು ಆರಾಮಾಗಿ ಇದ್ದುಬಿಡಬಹುದಿತ್ತು. ಕೇಂಬ್ರಿಡ್ಜ್‌ಗೆ ಓದಲು ಹೋದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ವಾಪಸ್ ಬಂದವರು ಸೇರಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆ. ಮಾರ್ಗದರ್ಶನ ಸರ್ ಸಿ.ವಿ. ರಾಮನ್ ಅವರದ್ದು.

ಅಲ್ಲಿ ಅವರು ಹಿಡಿದ ವಿಷಯ ಕಾಸ್ಮಿಕ್ ಕಿರಣ. ಬಾಹ್ಯಾಕಾಶದಿಂದ ಎಡಬಿಡದೆ ಸುರಿಯೋ ಈ ಶಕ್ತಿಶಾಲಿ ಕಣಗಳು ಹೊತ್ತಿನಿಂದ ಹೊತ್ತಿಗೆ ಎಷ್ಟು ಹೆಚ್ಚು ಕಮ್ಮಿ ಆಗ್ತವೆ ಅಂತ ಅಳೆಯೋದು ಅವರ ಕೆಲಸ. ಕಾಶ್ಮೀರದ ಬೆಟ್ಟಗಳಿಗೂ ಉಪಕರಣ ಹೊತ್ತುಕೊಂಡು ಹೋಗಿದ್ದರು. 1942ರಲ್ಲಿ ಮೊದಲ ಸಂಶೋಧನಾ ಲೇಖನ ಬಂತು. ಅದೇ ವರ್ಷ ನೃತ್ಯಗಾತಿ ಮೃಣಾಲಿನಿ ಅವರ ಜೊತೆ ಮದುವೆಯೂ ಆಯ್ತು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಡ್ಜ್‌ಗೆ ಹೋಗಿ, 1947ರಲ್ಲಿ ಇದೇ ವಿಷಯದಲ್ಲಿ ಪಿಎಚ್.ಡಿ. ಮುಗಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ಭೌತಶಾಸ್ತ್ರ ಸಂಶೋಧನಾಲಯ ಕಟ್ಟಿದರು. ಆಗ ಅವರಿಗೆ ಬರೀ 28 ವರ್ಷ. ಉಡುಪಿ ಕಡೆಯ ಯು.ಆರ್. ರಾವ್ ಅವರು ಮುಂದೆ ಸಂಶೋಧನೆ ಮಾಡಿದ್ದು ಇಲ್ಲೇ, ಇವರ ಕೈಕೆಳಗೇ.

1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಅಲ್ಲಿಯ ಚರ್ಚ್ ಕಟ್ಟಡವೇ ಆಗ ಆಫೀಸು. 1969ರಲ್ಲಿ ಇಸ್ರೋ ಹುಟ್ಟಿತು. ಹೊಟ್ಟೆಗೇ ಸರಿಯಾಗಿ ಇಲ್ಲದ ದೇಶಕ್ಕೆ ಇದೆಲ್ಲ ಯಾಕೆ ಅನ್ನೋ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಸಾರಾಭಾಯಿ ಅದಕ್ಕೆ ನೇರವಾಗಿಯೇ ಉತ್ತರ ಕೊಟ್ಟಿದ್ದರು. ಚಂದ್ರ, ಗ್ರಹಗಳ ವಿಷಯದಲ್ಲಿ ಶ್ರೀಮಂತ ದೇಶಗಳ ಜೊತೆ ಓಟಕ್ಕೆ ನಿಲ್ಲೋ ಕನಸು ನಮಗಿಲ್ಲ, ಆದರೆ ಜನರ ಕಷ್ಟ ಪರಿಹಾರಕ್ಕೆ ಮುಂದುವರಿದ ತಂತ್ರಜ್ಞಾನ ಬಳಸೋದರಲ್ಲಿ ನಾವು ಯಾರಿಗೂ ಕಮ್ಮಿ ಇರಬಾರದು ಅನ್ನೋದು ಅವರ ನಿಲುವು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸೋ ಯೋಜನೆಗೆ 1969ರಲ್ಲಿ ನಾಸಾ ಜೊತೆ ಒಪ್ಪಂದವಾಯ್ತು.

1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಸಾರಾಭಾಯಿ ತೀರಿಕೊಂಡರು. ವಯಸ್ಸು 52. ಆ ದಿನ ಭಾರತದ್ದು ಅಂತ ಒಂದು ಉಪಗ್ರಹವೂ ಮೇಲಿರಲಿಲ್ಲ. ರಾವ್ ಅವರ ತಂಡ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ ಆರ್ಯಭಟ ಹಾರಿದ್ದು 1975ರಲ್ಲಿ. ಟಿವಿ ಪಾಠ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ ಬಂದಿದ್ದೂ ಅದೇ ವರ್ಷ. ಎರಡನ್ನೂ ಅವರು ನೋಡಲಿಲ್ಲ.

1973ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಆ ಕುಳಿಗೆ ಅವರ ಹೆಸರಿಟ್ಟಿತು. ಅದಕ್ಕೂ ಮುಂಚೆ ಅದು ಬರೀ ಬೆಸೆಲ್ ಎ. ಈಗ ಸ್ವಲ್ಪ ಆ ಕುಳಿಯ ಕಥೆ ನೋಡೋಣ.

2020ರ ಜುಲೈ 30ರಂದು ಚಂದ್ರಯಾನ-2ರ ಕ್ಯಾಮೆರಾ ಅದರ ಚಿತ್ರ ತೆಗೆಯಿತು. ಎದ್ದುನಿಂತ ಅಂಚಿನಿಂದ ತಳದವರೆಗೆ ಆಳ ಸುಮಾರು 1.7 ಕಿ.ಮೀ. ಗೋಡೆಗಳ ಇಳಿಜಾರು 25ರಿಂದ 35 ಡಿಗ್ರಿ. ಸಿವಿಲ್ ಬ್ರಾಂಚಿನ ಗೆಳೆಯರಿಗೆ ಈ ಸಂಖ್ಯೆ ಪರಿಚಿತ ಅನ್ನಿಸಬೇಕು: ಒಣ ಮರಳು, ಜಲ್ಲಿ ಸುರಿದರೆ ರಾಶಿ ಹೆಚ್ಚುಕಮ್ಮಿ ಇದೇ ಕೋನದಲ್ಲಿ ನಿಲ್ಲುತ್ತೆ. ಸೆಕೆಂಡಿಗೆ ಹತ್ತಾರು ಕಿ.ಮೀ. ವೇಗದಲ್ಲಿ ಬಂದ ಕಲ್ಲು ಬಡಿದಾಗ ನೆಲ ಸಿಡಿದು ಬಟ್ಟಲಿನಂಥ ಗುಂಡಿ ಆಗುತ್ತೆ, ಸಡಿಲವಾದ ಗೋಡೆ ಜಾರಿ ಕೂರುತ್ತೆ. ಚಂದ್ರನ ಮೇಲೆ ಮಳೆ ಗಾಳಿ ಇಲ್ಲ, ಹಾಗಾಗಿ ಆಕಾರ ಕೋಟಿಗಟ್ಟಲೆ ವರ್ಷ ಉಳಿಯುತ್ತೆ.

ವಯಸ್ಸು ಹೇಗೆ ತಿಳಿಯೋದು? ಮೊದಲ ಸುಳಿವು ಸರಳ: ಗುಂಡಿ ಬಿದ್ದಿರೋದು ಲಾವಾ ಬಯಲಿನ ಮೇಲೆ, ಹಾಗಾಗಿ ಅದು ಆ ಲಾವಾಕ್ಕಿಂತ ಚಿಕ್ಕದು. ಕುಳಿಯಿಂದ ಪೂರ್ವಕ್ಕೆ 250–300 ಕಿ.ಮೀ. ದೂರದಲ್ಲಿ, 1972ರ ಡಿಸೆಂಬರ್‌ನಲ್ಲಿ ಅಪೋಲೊ 17 ಇಳಿಯಿತು. ಸಾರಾಭಾಯಿ ತೀರಿಕೊಂಡು ಆಗಷ್ಟೇ ಒಂದು ವರ್ಷ. ಗಗನಯಾತ್ರಿಗಳು ಅಲ್ಲಿಂದ ತಂದ ಲಾವಾ ಕಲ್ಲುಗಳ ವಯಸ್ಸು ಸುಮಾರು 370 ಕೋಟಿ ವರ್ಷ.

ಎರಡನೇ ಗಡಿಯಾರ ಇನ್ನೂ ಸ್ವಾರಸ್ಯ. ಆಳದಲ್ಲಿ ಹೂತ ಕಲ್ಲಿಗೆ ಕಾಸ್ಮಿಕ್ ಕಿರಣ ತಾಗಲ್ಲ. ಡಿಕ್ಕಿಯಾಗಿ ಅದು ಮೇಲಕ್ಕೆ ಚಿಮ್ಮಿ ಬಿದ್ದ ಕ್ಷಣದಿಂದ ಕಿರಣ ಬಡಿಯೋಕೆ ಶುರು, ಕಲ್ಲಿನೊಳಗೆ ಹೊಸ ಐಸೊಟೋಪ್‌ಗಳು ಒಂದೊಂದಾಗಿ ಸೇರ್ತಾ ಹೋಗ್ತವೆ. ಅವನ್ನು ಅಳೆದರೆ ಕುಳಿ ಯಾವಾಗ ಆಯ್ತು ಅಂತ ಗೊತ್ತಾಗುತ್ತೆ. ಅಪೋಲೊ 16 ಇಳಿದ ಜಾಗದ ನಾರ್ತ್ ರೇ ಕುಳಿಗೆ ಸುಮಾರು 5 ಕೋಟಿ ವರ್ಷ ಅಂತ ತಿಳಿದಿದ್ದು ಹೀಗೇ. ಸಾರಾಭಾಯಿ ಕುಳಿಯಿಂದ ಇನ್ನೂ ಯಾರೂ ಕಲ್ಲು ತಂದಿಲ್ಲ. ತಂದ ದಿನ ಅದರ ವಯಸ್ಸು ಹೇಳೋದು, ಬೆಂಗಳೂರಿನ ಲ್ಯಾಬಲ್ಲಿ ಕೂತು ಆ ಹುಡುಗ ಎಣಿಸುತ್ತಿದ್ದ ಕಿರಣಗಳೇ.

2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ನಮ್ಮ ಲ್ಯಾಂಡರ್‌ನ ಹೆಸರೂ ವಿಕ್ರಮ್. ಹಾಗಾದ್ರೆ ನಾವು ಅವರ ಮಾತು ಮೀರಿದ್ವಾ? ಚಂದ್ರಗುತ್ತಿಯಿಂದ ವಾಪಸ್ ಬರೋ ಬಸ್ಸಲ್ಲಿ ಇದೇ ಚರ್ಚೆ ಜೋರಾಗಿ ನಡೀತು. ಮೊದಲು ಹಳ್ಳಿಗೆ ಬೇಕಾದ್ದನ್ನ ಕಟ್ಟಿದ್ದರಿಂದಲೇ ಚಂದ್ರನವರೆಗೆ ಹೋಗೋ ಕಸುವು ಬಂತು ಅನ್ನೋರು ಕೆಲವರು. ಅವರು ಕೇಳಿದ ಪ್ರಶ್ನೆಯನ್ನ ಪ್ರತಿ ಸಲವೂ ಹೊಸದಾಗಿ ಕೇಳ್ಕೋಬೇಕು ಅನ್ನೋರು ಉಳಿದವರು. ಸೊರಬ ದಾಟಿದರೂ ತೀರ್ಮಾನ ಆಗಲಿಲ್ಲ. ಒಂದಂತೂ ಎಲ್ಲರೂ ಒಪ್ಪಿದ್ವಿ: ಫೈನಲ್ ಇಯರ್ ಪ್ರಾಜೆಕ್ಟ್ ಆರಿಸುವಾಗ ಇದು ಯಾರಿಗೆ ಉಪಯೋಗ ಅಂತ ಒಮ್ಮೆ ಕೇಳ್ಕೋಬೇಕು. ಮುಂದಿನ ಅಷ್ಟಮಿಗೆ ಹಾಸ್ಟೆಲ್ ತಾರಸಿಗೆ ಬನ್ನಿ, ಬೈನಾಕ್ಯುಲರ್ ನಾವು ತರ್ತೀವಿ.