ನೆರೆಯವರ ಮೆಟ್ಟಿಲು ಹತ್ತಿದ ಫ್ರೆಡರಿಕ್ ಓಜನಾಮ್

ಧರ್ಮಕೇಂದ್ರದ ವಾರ್ಷಿಕ ಹಬ್ಬ ಸಮೀಪಿಸುತ್ತಿದ್ದಂತೆ ಸನ್ಮಾನಕ್ಕೆ ಅರ್ಹರಾದವರ ಪಟ್ಟಿ ಸಿದ್ಧಪಡಿಸುವ ಕೆಲಸ ಆರಂಭವಾಗುತ್ತದೆ. ದೇಣಿಗೆ ಕೊಟ್ಟವರು, ಚಪ್ಪರದ ಹೊಣೆ ಹೊತ್ತವರು, ಗಾಯನ ವೃಂದವನ್ನು ನಡೆಸಿದವರು ಸಹಜವಾಗಿಯೇ ಅದರಲ್ಲಿ ಸೇರುತ್ತಾರೆ. ಓಣಿಯ ಕೊನೆಯ ಮನೆಯ ರೋಗಿಗೆ ದಿನವೂ ಗಂಜಿ ಒಯ್ಯುವವರ ಹೆಸರಾಗಲಿ, ಕುಡಿದು ಬಂದ ಗಂಡನಿಗೆ ಹೆದರಿ ಅಂಗಳದಲ್ಲಿ ನಿಂತ ಹೆಂಗಸಿಗೆ ನಡುರಾತ್ರಿ ಬಾಗಿಲು ತೆರೆಯುವವರ ಹೆಸರಾಗಲಿ ಯಾರ ಬಾಯಿಗೂ ಬರುವುದಿಲ್ಲ. ಇಂಥವರನ್ನು ಗುರುತಿಸುವುದು ಹೇಗೆಂಬ ಪ್ರಶ್ನೆ ಎದ್ದಾಗಲೆಲ್ಲ ನಮಗೆ ನೆನಪಾಗುವವರು ಪುನೀತ ಫ್ರೆಡರಿಕ್ ಓಜನಾಮ್. ಅವರು ಗುರುಗಳಾಗಿರಲಿಲ್ಲ, ಸನ್ಯಾಸಿಯೂ ಆಗಿರಲಿಲ್ಲ. ಮಡದಿ ಮಗಳೊಡನೆ ಸಂಸಾರ ನಡೆಸಿದ, ಸಂಬಳಕ್ಕೆ ಪಾಠ ಹೇಳಿದ ಶ್ರೀಸಾಮಾನ್ಯ ವಿಶ್ವಾಸಿ.

1813ರ ಏಪ್ರಿಲ್ 23ರಂದು ಇಟಲಿಯ ಮಿಲಾನ್ ನಗರದಲ್ಲಿ ಫ್ರೆಂಚ್ ದಂಪತಿಗಳಿಗೆ ಅವರು ಜನಿಸಿದರು. ಬೆಳೆದದ್ದು ಫ್ರಾನ್ಸಿನ ಲಿಯಾನ್ ನಗರದಲ್ಲಿ. ತಂದೆ ವೈದ್ಯರು, ಬಡರೋಗಿಗಳ ಮನೆಗೆ ತಾವೇ ಹೋಗಿ ಚಿಕಿತ್ಸೆ ನೀಡುತ್ತಿದ್ದವರು. 1837ರಲ್ಲಿ ಅಂಥದೇ ಭೇಟಿಯೊಂದರಲ್ಲಿ ಮೆಟ್ಟಿಲಿನಿಂದ ಬಿದ್ದು ಅವರು ತೀರಿಕೊಂಡರು. ಹುಟ್ಟಿದ ಹದಿನಾಲ್ಕು ಮಕ್ಕಳಲ್ಲಿ ಹೆಚ್ಚಿನವರು ಎಳವೆಯಲ್ಲೇ ಅಗಲಿದ ಮನೆ ಅದು. ಇತರರ ದುಃಖ ಆ ಮನೆಯವರಿಗೆ ಪರಕೀಯವಾಗಿರಲಿಲ್ಲ.

ಹದಿಹರೆಯದಲ್ಲಿ ಫ್ರೆಡರಿಕ್ ವಿಶ್ವಾಸದ ವಿಷಯದಲ್ಲಿ ತೀವ್ರ ಸಂಶಯಕ್ಕೆ ಒಳಗಾದರು. ಅವರನ್ನು ಕೈಹಿಡಿದು ನಡೆಸಿದವರು ತತ್ತ್ವಶಾಸ್ತ್ರದ ಉಪಾಧ್ಯಾಯರಾಗಿದ್ದ ನುವಾರೋ ಎಂಬ ಗುರುಗಳು. ತತ್ತ್ವಶಾಸ್ತ್ರದ ತರಗತಿಗಳಲ್ಲಿ ವರ್ಷಗಟ್ಟಲೆ ಕುಳಿತು ಬಂದ ನಮಗೆ ಈ ಘಟ್ಟ ವಿಶೇಷವಾಗಿ ಪ್ರಿಯವಾದದ್ದು. ಸಂಶಯಪಟ್ಟ ಹುಡುಗನನ್ನು ಗದರಿಸಿ ಬಾಯಿ ಮುಚ್ಚಿಸುವುದು ಸುಲಭ. ಅವನೊಡನೆ ದೂರದವರೆಗೆ ನಡೆಯುವುದಕ್ಕೆ ತಾಳ್ಮೆ ಬೇಕು. ನುವಾರೋ ಅವರಲ್ಲಿ ಆ ತಾಳ್ಮೆ ಇತ್ತು.

1831ರಲ್ಲಿ ಕಾನೂನು ಓದಲು ಪ್ಯಾರಿಸ್ಸಿಗೆ ಬಂದ ತರುಣನಿಗೆ ಆಶ್ರಯ ನೀಡಿದವರು ಆಂಪೇರ್. ವಿದ್ಯುತ್ತಿನ ಅಳತೆಗೆ ಇಂದಿಗೂ ಯಾರ ಹೆಸರನ್ನು ಬಳಸುತ್ತೇವೆಯೋ ಅದೇ ವಿಜ್ಞಾನಿ, ದೃಢವಾದ ಕಥೋಲಿಕ ವಿಶ್ವಾಸಿ. ಮರುವರ್ಷ ಆ ನಗರದಲ್ಲಿ ಕಾಲರಾ ಹರಡಿ ಸುಮಾರು 18,000 ಮಂದಿ ಬಲಿಯಾದರು. ವಿಶ್ವವಿದ್ಯಾಲಯದ ವಾತಾವರಣವಂತೂ ಧರ್ಮಸಭೆಯನ್ನು ಗೇಲಿ ಮಾಡುವಂಥದು. ಓಜನಾಮರೂ ಮಿತ್ರರೂ ಚರ್ಚಾಕೂಟವೊಂದರಲ್ಲಿ ಕ್ರೈಸ್ತಧರ್ಮ ಜಗತ್ತಿಗೆ ಮಾಡಿದ ಉಪಕಾರಗಳನ್ನು ಸಮರ್ಥವಾಗಿ ವಿವರಿಸುತ್ತಿದ್ದರು. ಸೇಂಟ್ ಸಿಮೊನ್ ಎಂಬ ಸಮಾಜವಾದಿ ಚಿಂತಕನ ಅನುಯಾಯಿಗಳು ಹಿಂದಿನದನ್ನೆಲ್ಲ ಒಪ್ಪಿಕೊಂಡು, ಈಗ ನೀವು ಮಾಡುತ್ತಿರುವುದಾದರೂ ಏನು ಎಂದು ಕೆಣಕಿದರು. ಆ ಪ್ರಶ್ನೆಗೆ ಓಜನಾಮರ ಬಳಿ ಉತ್ತರವಿರಲಿಲ್ಲ. ವಾದದಲ್ಲಿ ಸೋತವನು ಸಾಮಾನ್ಯವಾಗಿ ಇನ್ನೊಂದು ವಾದವನ್ನು ಹುಡುಕುತ್ತಾನೆ. ಈ ತರುಣ ಹಾಗೆ ಮಾಡಲಿಲ್ಲ. ಆ ರಾತ್ರಿ ಅವರು ಮಿತ್ರನೊಬ್ಬನೊಡನೆ ತಮ್ಮ ಕೋಣೆಯಲ್ಲಿ ಉಳಿದಿದ್ದ ಸೌದೆಯನ್ನು ಹೊತ್ತು ಬಡವನೊಬ್ಬನ ಮನೆಗೆ ಕೊಟ್ಟುಬಂದರೆಂದು ಚರಿತ್ರಕಾರರು ಬರೆದಿದ್ದಾರೆ.

1833ರ ಏಪ್ರಿಲ್ 23ರಂದು, ಓಜನಾಮರಿಗೆ ಇಪ್ಪತ್ತು ವರ್ಷ ತುಂಬಿದ ದಿನ, ಆರು ಮಂದಿ ವಿದ್ಯಾರ್ಥಿಗಳು ಪತ್ರಿಕಾ ಪ್ರಕಾಶಕರಾದ ಎಮ್ಯಾನುಯೆಲ್ ಬಾಯ್ಯಿಯವರ ಕಚೇರಿಯಲ್ಲಿ ಸೇರಿದರು. ಹಿರಿಯರಾದ ಬಾಯ್ಯಿಯವರೇ ಅಧ್ಯಕ್ಷರು. ಮುಂದೆ ಸಂತ ವಿನ್ಸೆಂಟ್ ದೆ ಪೌಲರ ಸಭೆಯೆಂದು ಹೆಸರಾದ ಸೇವಾಕೂಟ ಹುಟ್ಟಿದ್ದು ಹೀಗೆ. ಉತ್ಸಾಹವೇನೋ ಇತ್ತು, ಬಡವರ ಮನೆಯ ಬಾಗಿಲು ತಟ್ಟುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಅದನ್ನು ಕಲಿಸಿದವರು ಮೂಫ್ತಾರ್ ಎಂಬ ಕಡುಬಡ ಬಡಾವಣೆಯಲ್ಲಿ ಸುಮಾರು ಮೂವತ್ತು ವರ್ಷಗಳಿಂದ ದುಡಿಯುತ್ತಿದ್ದ ಕನ್ಯಾಸ್ತ್ರೀ ಸಿಸ್ಟರ್ ರೊಸಾಲಿ ರೆಂದ್ಯು. ಭೇಟಿ ಕೊಡಬೇಕಾದ ಕುಟುಂಬಗಳ ಪಟ್ಟಿಯನ್ನೂ ರೊಟ್ಟಿಯ ಚೀಟಿಗಳನ್ನೂ ಕೊಟ್ಟು, ಬಡವರೊಡನೆ ಮರ್ಯಾದೆಯಿಂದ ಮಾತನಾಡುವುದನ್ನು ಅವರು ಆ ಹುಡುಗರಿಗೆ ಹೇಳಿಕೊಟ್ಟರು.

ಓಜನಾಮರ ಪಾಲಿಗೆ ಬಂದ ಕುಟುಂಬದ ಕಥೆ ನಮ್ಮ ಓದುಗರಿಗೆ ದೂರದ್ದೆನಿಸದು. ತಾಯಿ ದುಡಿದು ತಂದದ್ದನ್ನು ಗಂಡ ಕಸಿದು ಕುಡಿಯುತ್ತಿದ್ದ, ಅವಳನ್ನೂ ಮಕ್ಕಳನ್ನೂ ಹೊಡೆಯುತ್ತಿದ್ದ. ಕೈಗೊಂದು ರೊಟ್ಟಿ ಕೊಟ್ಟು, ತಾಳ್ಮೆಯಿಂದಿರಮ್ಮ ಎಂದು ಹೇಳಿ ಬರಬಹುದಿತ್ತು. ಹಾಗೆ ಹೇಳಿ ಬಂದವರು ಎಲ್ಲ ಕಾಲದಲ್ಲೂ ಇದ್ದಾರೆ, ನಮ್ಮಂಥ ಗುರುಗಳೂ ಅವರಲ್ಲಿ ಸೇರಿದ್ದಾರೆ. ಕಾನೂನಿನ ವಿದ್ಯಾರ್ಥಿಯಾದ ಓಜನಾಮರು ವಿಷಯವನ್ನು ಕೆದಕಿ ನೋಡಿದರು. ಆ ಇಬ್ಬರ ನಡುವೆ ಸಿಂಧುವಾದ ವಿವಾಹವೇ ಆಗಿರಲಿಲ್ಲವೆಂಬುದು ಹೊರಬಿತ್ತು. ಅಧಿಕಾರಿಗಳ ಬಳಿಗೆ ಹೋಗಿ ಅವನಿಂದ ಅವರನ್ನು ಬಿಡಿಸುವ ಆದೇಶವನ್ನು ಪಡೆದರು. ಮಿತ್ರರೆಲ್ಲ ಹಣ ಕೂಡಿಸಿ ಅವಳನ್ನು ಇಬ್ಬರು ಕಿರಿಯ ಮಕ್ಕಳೊಡನೆ ತವರುನಾಡಾದ ಬ್ರಿಟನಿಗೆ ಕಳುಹಿಸಿದರು. ಇಬ್ಬರು ದೊಡ್ಡ ಗಂಡುಮಕ್ಕಳಿಗೆ ಬಾಯ್ಯಿಯವರ ಮುದ್ರಣಾಲಯದಲ್ಲಿ ಕೆಲಸ ದೊರೆಯಿತು. ಒಂದು ಮನೆಯ ರಕ್ಷಣೆಗೆ ರೊಟ್ಟಿಯಷ್ಟೇ ಕಾನೂನಿನ ತಿಳಿವಳಿಕೆಯೂ ಬೇಕಾಯಿತು.

ವಿದ್ವತ್ತಿನಲ್ಲಿಯೂ ಅವರು ಹಿಂದೆ ಬೀಳಲಿಲ್ಲ. ಕಾನೂನಿನಲ್ಲಿಯೂ ಸಾಹಿತ್ಯದಲ್ಲಿಯೂ ಡಾಕ್ಟರೇಟ್ ಪಡೆದು, ದಾಂತೆ ಕವಿಯ ಮೇಲೆ ಪ್ರೌಢಪ್ರಬಂಧ ಬರೆದು, 1844ರಲ್ಲಿ ಸೊರ್ಬೊನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1841ರಲ್ಲಿ ಅಮೆಲಿ ಸುಲಾಕ್ರುವಾ ಅವರನ್ನು ವರಿಸಿದರು, 1845ರಲ್ಲಿ ಮಗಳು ಮರಿ ಹುಟ್ಟಿದಳು. ಪ್ರಾಧ್ಯಾಪಕರಾದ ಮೇಲೂ ಬಡವರ ಮನೆಯ ಭೇಟಿ ನಿಲ್ಲಲಿಲ್ಲ.

ಒಂದು ಹೊಸ ವರ್ಷದ ದಿನದ ಸಂಗತಿಯನ್ನು ಅವರ ಚರಿತ್ರಕಾರರು ಹೇಳುತ್ತಾರೆ. ಬಾಳಿ ಕೆಟ್ಟ ಕುಟುಂಬವೊಂದು ಹಿಂದಿನ ಸುಖದ ಕೊನೆಯ ಗುರುತಾಗಿದ್ದ ಖಾನೆಗಳ ಪೆಟ್ಟಿಗೆಯನ್ನು ಅಡವಿಟ್ಟಿತ್ತು. ಅದನ್ನು ಬಿಡಿಸಿ ಅವರಿಗೆ ಉಡುಗೊರೆಯಾಗಿ ಕೊಡಬೇಕೆಂದು ಓಜನಾಮರ ಆಸೆ. ಅಷ್ಟು ಖರ್ಚು ಬೇಡವೆಂದು ಅಮೆಲಿ ತಡೆದರು. ಸಂಸಾರ ತೂಗಿಸುವ ಗೃಹಿಣಿಯ ಆ ಲೆಕ್ಕವೂ ತಪ್ಪೆಂದು ನಾವು ಹೇಳಲಾರೆವು. ಸಂಜೆ ಮಗಳ ಸುತ್ತ ಬಿದ್ದಿದ್ದ ಆಟಿಕೆಗಳನ್ನು ನೋಡುತ್ತ ಓಜನಾಮರು ಮಂಕಾಗಿ ಕುಳಿತರು, ಸಿಹಿಯನ್ನೂ ಮುಟ್ಟಲಿಲ್ಲ. ಕಾರಣ ತಿಳಿದ ಅಮೆಲಿ ತಾವೇ ಹೋಗಿಬನ್ನಿರೆಂದರು. ಅವರು ತಕ್ಷಣ ಎದ್ದು ಹೋಗಿ ಪೆಟ್ಟಿಗೆಯನ್ನು ಬಿಡಿಸಿ ಆ ಮನೆಗೆ ತಲುಪಿಸಿ, ಹರ್ಷಚಿತ್ತರಾಗಿ ಮರಳಿದರು.

1848ರ ಜೂನ್‌ನಲ್ಲಿ ಹಸಿದ ಕಾರ್ಮಿಕರು ದಂಗೆಯೆದ್ದರು. ಪ್ಯಾರಿಸ್ಸಿನ ಬೀದಿಗಳಲ್ಲಿ ರಕ್ತ ಹರಿಯಿತು. ನಾಗರಿಕ ರಕ್ಷಣಾ ದಳದ ಸದಸ್ಯರಾಗಿದ್ದ ಓಜನಾಮರು ಬಂದೂಕು ಹಿಡಿದು ಬೀದಿ ಕಾಯುತ್ತಿದ್ದರು. ಆದರೆ ಕಾವಲಿನಿಂದ ಶಾಂತಿ ಬರದೆಂದು ಬಗೆದು, ಇಬ್ಬರು ಮಿತ್ರರೊಡನೆ ಮಹಾಧರ್ಮಾಧ್ಯಕ್ಷ ಅಫ್ರ್ ಅವರ ಬಳಿಗೆ ಹೋಗಿ ಸಂಧಾನಕ್ಕೆ ವಿನಂತಿಸಿದರು. ಮಹಾಧರ್ಮಾಧ್ಯಕ್ಷರು ಒಪ್ಪಿದರು. ಸಮವಸ್ತ್ರದಲ್ಲಿದ್ದ ಇವರನ್ನು ಜೊತೆಗೆ ಕರೆದೊಯ್ಯಲಿಲ್ಲ. ಜೂನ್ 25ರಂದು ದಂಗೆಕೋರರ ಅಡ್ಡಗಟ್ಟೆಯ ಬಳಿ ಅವರಿಗೆ ಗುಂಡು ತಗಲಿತು, 27ರಂದು ಪ್ರಾಣಬಿಟ್ಟರು. ಸದುದ್ದೇಶದಿಂದ ನೀಡಿದ ಸಲಹೆ ಸಾವಿಗೆ ಕಾರಣವಾದಾಗ ಸಲಹೆಯಿತ್ತವನ ಮನಸ್ಸು ಅನುಭವಿಸುವ ಯಾತನೆಯನ್ನು ನಾವು ಊಹಿಸಬಹುದಷ್ಟೆ. ಆ ಬಳಿಕವೂ ಓಜನಾಮರು ಕಾರ್ಮಿಕರ ಪಕ್ಷ ಬಿಡಲಿಲ್ಲ. ದಂಗೆ ಅಡಗಿದರೂ ಹಸಿವು ಅಡಗಿಲ್ಲವೆಂದು ತಮ್ಮ ಪತ್ರಿಕೆಯಲ್ಲಿ ಬರೆದು, ಸಿರಿವಂತ ಕಥೋಲಿಕರ ಕೋಪಕ್ಕೂ ಗುರಿಯಾದರು.

ಮನ್ನಣೆಯ ವಿಷಯಕ್ಕೆ ಬರೋಣ. 1852ರಲ್ಲಿ ಸರ್ಕಾರ ಸಿಸ್ಟರ್ ರೊಸಾಲಿಯವರಿಗೆ ಲೀಜನ್ ಆಫ್ ಆನರ್ ಪದಕವನ್ನಿತ್ತಿತು. ಅವರು ನಿರಾಕರಿಸಲು ಹೊರಟಿದ್ದರು. ಮೇಲಧಿಕಾರಿಗಳ ಮಾತಿಗೆ ವಿಧೇಯರಾಗಿ ಸ್ವೀಕರಿಸಿದರು, ಧರಿಸಲಿಲ್ಲ. ಓಜನಾಮರೋ ತಮ್ಮನ್ನು ಸಭೆಯ ಸಂಸ್ಥಾಪಕರೆಂದು ಕರೆಯುವುದನ್ನೇ ಸಹಿಸುತ್ತಿರಲಿಲ್ಲ; ಎಲ್ಲರೂ ಸೇರಿ ಮಾಡಿದ್ದು ಎಂಬುದೇ ಅವರ ನಿಲುವು. ಮೂತ್ರಪಿಂಡದ ಕಾಯಿಲೆಯಿಂದ ಬಳಲಿ 1853ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಮಾರ್ಸೇಯ್ ನಗರದಲ್ಲಿ ಅವರು ಕಣ್ಮುಚ್ಚಿದಾಗ ವಯಸ್ಸು ಕೇವಲ ನಲವತ್ತು. ಜಗದ್ಗುರು ಎರಡನೆಯ ಜಾನ್ ಪೌಲರು ಪ್ಯಾರಿಸ್ಸಿನ ನೋತ್ರ್ ದಾಮ್ ದೇವಾಲಯದಲ್ಲಿ ಅವರನ್ನು ಪುನೀತರೆಂದು ಘೋಷಿಸಿದ್ದು 1997ರ ಆಗಸ್ಟ್ 22ರಂದು; ಸಿಸ್ಟರ್ ರೊಸಾಲಿಯವರನ್ನು 2003ರಲ್ಲಿ. ಧರ್ಮಸಭೆ ಓಜನಾಮರನ್ನು ಗುರುತಿಸಲು 144 ವರ್ಷ ತೆಗೆದುಕೊಂಡಿತು. ಮೂಫ್ತಾರಿನ ಬಡವರು ಅವರ ಹೆಜ್ಜೆಯ ಸದ್ದನ್ನು ಮೆಟ್ಟಿಲಿನ ಮೇಲೆಯೇ ಗುರುತಿಸಿರಬೇಕು.

ಅವರ ಸಭೆ ಇಂದು ಸುಮಾರು 150 ದೇಶಗಳಲ್ಲಿದೆ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದೆ. ಸದಸ್ಯರು ಕೂಟ ಸೇರಿದಾಗ ಪ್ರಾರ್ಥನೆಯಾಗುತ್ತದೆ, ಯಾವ ಮನೆಯಲ್ಲಿ ಏನು ಕಷ್ಟವೆಂಬ ಮಾತಾಗುತ್ತದೆ. ಬಳಿಕ ಗುಪ್ತ ಕಾಣಿಕೆಯ ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂದು ಪಕ್ಕದಲ್ಲಿ ಕುಳಿತವರಿಗೂ ತಿಳಿಯುವುದಿಲ್ಲ.