ವಿಲಿಯಂ ಕೇರಿ ಪಾದ್ರಿಯವರ ತೋಟ

ವಿಲಿಯಂ ಕೇರಿ ಪಾದ್ರಿಯವರು 1761ರಲ್ಲಿ ಇಂಗ್ಲೆಂಡು ದೇಶದ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ಹುಟ್ಟಿ, ಪಾದರಕ್ಷೆ ಹೊಲಿಯುವ ಕಸಬಿನಿಂದ ಜೀವಿಸುತ್ತಿದ್ದರು. 1793ರಲ್ಲಿ ಸುವಾರ್ತೆಯನ್ನು ಸಾರುವದಕ್ಕಾಗಿ ಬಂಗಾಳಕ್ಕೆ ಬಂದರು. ಸತ್ಯವೇದವನ್ನು ಅನೇಕ ಭಾಷೆಗಳಿಗೆ ತಿರುಗಿಸಿದ್ದಲ್ಲದೆ, 1817ರಲ್ಲಿ ನಮ್ಮ ಕನ್ನಡ ಭಾಷೆಗೂ ಒಂದು ವ್ಯಾಕರಣವನ್ನು ಅಚ್ಚುಮಾಡಿಸಿದರು.

ಆತ್ಮಗಳ ಚಿಂತೆಯೊಡನೆ ಮಣ್ಣಿನ ಚಿಂತೆಯೂ ಅವರಿಗಿತ್ತು. ಸಿರಾಂಪುರದಲ್ಲಿ ಸುಮಾರು ಐದು ಎಕರೆ ತೋಟವನ್ನು ಮಾಡಿ, ನಾನಾ ದೇಶಗಳ ಗಿಡಗಳನ್ನು ಬೆಳೆಸಿದರು. ರೈತರ ಬಡತನವನ್ನು ಕಂಡು, 1820ರಲ್ಲಿ ಕಲ್ಕತ್ತದಲ್ಲಿ ಬೇಸಾಯ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದರು. 1823ರಲ್ಲಿ ದಾಮೋದರ ನದಿಯು ಉಕ್ಕಿ ಆ ತೋಟವನ್ನು ಹಾಳುಮಾಡಿತು. ಆಗ ಅವರಿಗೆ 62 ವರುಷ, ದೇಹವೂ ಬಲಹೀನವಾಗಿತ್ತು. ಆದರೂ ಎದೆಗುಂದದೆ ತಿರಿಗಿ ನೆಡಿಸತೊಡಗಿದರು. 1834ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ಹವಾಮಾನದ ವಿಷಯವು ಸಭಾನಾಯಕರಿಗೆ ಸೇರಿದ್ದೋ ಅಲ್ಲವೋ ಎಂಬ ವಾದವು ಈ ಕಾಲದಲ್ಲಿ ಉಂಟು. 2006ರಲ್ಲಿ ಅಮೇರಿಕದ 86 ಮಂದಿ ಸುವಾರ್ತಾ ನಾಯಕರು, ಮನುಷ್ಯರ ಕೃತ್ಯದಿಂದ ಭೂಮಿಯು ಬಿಸಿಯೇರುತ್ತಿದೆ, ಅದರ ಪೆಟ್ಟು ಬಡವರಿಗೇ ಹೆಚ್ಚು ಎಂದು ಒಪ್ಪಿ ರುಜುಹಾಕಿದರು. ಬೇರೆ ನಾಯಕರು ವಿರೋಧಿಸಿದರು.

ಪ್ರಿಯ ವಾಚಕರೇ, ಕೇರಿ ಪಾದ್ರಿಯವರಿಗೆ ಸುವಾರ್ತೆಯ ಸೇವೆಯೂ ಮಣ್ಣಿನ ಸೇವೆಯೂ ಬೇರೆಬೇರೆಯಾಗಿರಲಿಲ್ಲ. ನಮ್ಮ ಹೊಲವೂ ಕರ್ತನದೇ. ನಾವು ಅದರ ಮನೆವಾರ್ತೆಯವರು, ಲೆಕ್ಕ ಒಪ್ಪಿಸತಕ್ಕವರು.